ಬೈಸಿಕಲ್ಲಿನ ಮೇಲೆ ದ್ವೀಪ ಪ್ರದಕ್ಷಿಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಲ್ಲಿ ಶ್ರೀರಂಗಪಟ್ಟಣವನ್ನು ಕಾಣದವರು ವಿರಳ. ಅದನ್ನು ನೋಡಿದವರು ಇನ್ನೂ ವಿರಳವೆಂದು ನಮಗೆ ತೋರುವುದು. ಬೆಂಗಳೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದಲೇ ರಂಗನಾಥನಿಗೆ ಕೈಮುಗಿದವರುಂಟು. ಮದುವೆಯ ಮಾರನೆಯ ದಿನ ವ್ಯಾನು ಮಾಡಿಕೊಂಡು ರಂಗನಾಥನ ದರ್ಶನ, ನಿಮಿಷಾಂಬೆಯ ದರ್ಶನ, ಸಂಗಮದ ಸ್ನಾನ ಮೂರನ್ನೂ ಎರಡು ಗಂಟೆಗಳೊಳಗೆ ಮುಗಿಸಿ ಊಟದ ವೇಳೆಗೆ ಮೈಸೂರು ಸೇರಿದವರೂ ಉಂಟು. ೨೦೨೩ರ ಮಾರ್ಚಿಯಲ್ಲಿ ಹೊಸ ಹೆದ್ದಾರಿಯನ್ನು ತೆರೆದ ಮೇಲಂತೂ ರಸ್ತೆಯು ಪಟ್ಟಣವನ್ನು ಹೊರಗಿಂದ ಬಳಸಿ ಹೋಗುವುದಾದ ಕಾರಣ, ಕಾರಿನಲ್ಲಿ ಹೋಗುವವರಿಗೆ ಈ ಎರಡು ಗಂಟೆಯ ಭಾಗ್ಯವೂ ತಪ್ಪಿದೆ.

ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವುದು ಇದಕ್ಕೆ ತೀರ ಬೇರೆಯಾದ ಒಂದು ಪ್ರಯಾಣಕ್ರಮ. ಅದಾವುದೆಂದರೆ, ಊರನ್ನು ಬಲ್ಲ ಮಾರ್ಗದರ್ಶಕನೊಬ್ಬನನ್ನು ಮುಂದಿಟ್ಟುಕೊಂಡು ಹತ್ತೆಂಟು ಮಂದಿ ಬೈಸಿಕಲ್ಲುಗಳ ಮೇಲೆ ಹಳೆಯ ನಗರವೊಂದನ್ನು ಸುತ್ತಿ ನೋಡುವುದು. ಐರೋಪ್ಯ ದೇಶಗಳಲ್ಲಿ ಇದು ಬಹಳ ರೂಢಿಯಾಗಿದೆ. ಸ್ಪೇನ್ ದೇಶದ ಸೆವಿಲ್ಯಾ ಎಂಬ ಪುರಾತನ ನಗರದವರು ೨೦೦೬ರಿಂದ ಮೊದಲ್ಗೊಂಡು ಕೆಲವೇ ವರ್ಷಗಳಲ್ಲಿ ಬೈಸಿಕಲ್ಲಿಗೆಂದೇ ನೂರು ಕಿಲೋಮೀಟರಿಗೂ ಮಿಕ್ಕ ಪ್ರತ್ಯೇಕ ದಾರಿಯನ್ನು ಮಾಡಿಕೊಂಡರು. ಅಲ್ಲಿಗೆ ಬರುವ ಪ್ರವಾಸಿಗರು ದೊಡ್ಡ ಇಗರ್ಜಿ, ಮುಸಲ್ಮಾನ ಅರಸರ ಕಾಲದ ಮಿನಾರು, ಗ್ವಾದಲ್ಕಿವೀರ್ ನದಿಯ ದಡ ಇವನ್ನೆಲ್ಲ ಹೀಗೆಯೇ ಸುತ್ತುವರು. ನಮ್ಮ ಸೀಮೆಗೂ ಈ ಪದ್ಧತಿ ಬಂದಿದೆ. ಮೈಸೂರಿನಲ್ಲಿ ೨೦೧೭ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆಯ ಸಾರ್ವಜನಿಕ ಬೈಸಿಕಲ್ಲುಗಳು ಬಂದವಷ್ಟೆ. ಇದಲ್ಲದೆ, ರಜೆಯ ದಿನಗಳ ಬೆಳಗ್ಗೆ ಜನರನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದು ಬೈಸಿಕಲ್ಲಿನ ಮೇಲೆ ಊರು ತೋರಿಸುವವರೂ ಈಗ ಇದ್ದಾರೆ. ಕಳೆದ ಮಾಘಮಾಸದ ಒಂದು ಭಾನುವಾರ ನಾವೂ ಅಂತಹದೊಂದು ತಂಡವನ್ನು ಕೂಡಿಕೊಂಡೆವು.

ಅರವತ್ತರ ಮೊಣಕಾಲಿಗೆ ಇದು ತಕ್ಕುದೇ ಎಂದು ಮನೆಯಲ್ಲಿ ಚರ್ಚೆ ನಡೆಯಿತು. ಹುಣಸೂರಿನ ಬೀದಿಗಳಲ್ಲಿ ಮೂವತ್ತೆರಡು ವರ್ಷ ಬೈಸಿಕಲ್ಲಿನಲ್ಲೇ ಶಾಲೆಗೆ ಹೋಗಿಬಂದವರಿಗೆ ದ್ವೀಪದ ಸಮತಟ್ಟಾದ ರಸ್ತೆಯು ಹೆಚ್ಚಲ್ಲವೆಂಬುದು ನಮ್ಮ ವಾದ. ವಾದದಲ್ಲಿ ಜಯ ನಮ್ಮದಾಯಿತು. ಮುಲಾಮಿನ ಡಬ್ಬಿಯೊಂದು ಮಾತ್ರ ನಮಗೆ ತಿಳಿಯದಂತೆ ಚೀಲವನ್ನು ಸೇರಿತ್ತು.

ದ್ವೀಪ ಎಂಬ ಶಬ್ದದ ವ್ಯುತ್ಪತ್ತಿಯನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಯಲ್ಲಿ ನೀರುಳ್ಳದ್ದು ದ್ವೀಪ. ಕಡಲ ನಡುವಣ ದ್ವೀಪಗಳಿಗೆ ಸುತ್ತಲೂ ನೀರಾದುದರಿಂದ ಈ ಅರ್ಥ ಅಷ್ಟಾಗಿ ಹೊಂದದು. ಶ್ರೀರಂಗಪಟ್ಟಣಕ್ಕಾದರೋ ಅಕ್ಷರಶಃ ಹೊಂದುವುದು. ಪಶ್ಚಿಮದಲ್ಲಿ ಕಾವೇರಿ ಎರಡಾಗಿ ಸೀಳಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಕವಲಾಗಿ ಹರಿದು, ಸುಮಾರು ಐದು ಕಿಲೋಮೀಟರು ಪೂರ್ವಕ್ಕೆ ಸಂಗಮದಲ್ಲಿ ಮರಳಿ ಕೂಡುವಳು. ಆ ನೀರು ನಮ್ಮ ನೀರು. ಪಿರಿಯಾಪಟ್ಟಣ ಸೀಮೆಯ ಕೊಪ್ಪದ ಮಗ್ಗುಲಲ್ಲಿ ಹರಿದು, ಚುಂಚನಕಟ್ಟೆಯಲ್ಲಿ ಧುಮುಕಿ, ಎಡತೊರೆಯ ಅರ್ಕೇಶ್ವರನನ್ನು ಕಂಡು ಬಂದ ಕಾವೇರಿಯೂ, ಹುಣಸೂರನ್ನು ಹಾದುಬಂದ ಲಕ್ಷ್ಮಣತೀರ್ಥವೂ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಒಂದಾಗಿ ಈ ಪಟ್ಟಣವನ್ನು ಬಳಸುವುವು. ಹೆಗ್ಗಡದೇವನಕೋಟೆಯ ಕಪಿಲೆ ಮಾತ್ರ ಇತ್ತ ಬಾರದೆ ನೇರವಾಗಿ ತಿರುಮಕೂಡಲು ನರಸೀಪುರಕ್ಕೆ ಹೋಗುವಳು.

ಬೆಳಗಿನ ಆರೂವರೆಗೆ ನಾವು ಒಂಬತ್ತು ಮಂದಿ ರೈಲು ನಿಲ್ದಾಣದ ಮುಂದೆ ಸೇರಿದೆವು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಮತ್ತು ಅವರ ಮಗಳು, ಕೋಟೆ ತಾಲ್ಲೂಕಿನ ಶಾಲೆಯೊಂದರ ಉಪಾಧ್ಯಾಯಿನಿ, ಮಿಕ್ಕವರು ಬೆಂಗಳೂರಿನ ತರುಣರು. ಮಾರ್ಗದರ್ಶಕನು ಗಂಜಾಮಿನಲ್ಲೇ ಹುಟ್ಟಿ ಬೆಳೆದು, ಇತಿಹಾಸದಲ್ಲಿ ಪದವಿ ಪಡೆದ ಹುಡುಗ. ಎಲ್ಲರ ತಲೆಗೂ ಹೆಲ್ಮೆಟ್ಟು ಕಟ್ಟಿಸಿ, ಒಬ್ಬೊಬ್ಬರ ಬ್ರೇಕನ್ನೂ ತಾನೇ ಹಿಡಿದು ನೋಡಿದನು. ಇದನ್ನು ಕಂಡೊಡನೆ ಅವನ ಇತಿಹಾಸವನ್ನೂ ನಂಬಬಹುದೆಂದು ನಮಗೆ ತೋರಿತು.

ಮೊದಲನೆಯ ನೋಟವು ನಿಲ್ದಾಣದ ಬಳಿಯಲ್ಲೇ ಇದೆ. ಟಿಪ್ಪುವಿನ ಕಾಲದ ಆಯುಧಾಗಾರವೊಂದು ಜೋಡಿ ಹಳಿಯ ದಾರಿಗೆ ಅಡ್ಡವಾಗಿತ್ತು. ೨೦೧೭ರಲ್ಲಿ ಅದನ್ನು ಕೆಡವದೆ, ಕಿತ್ತು ಕಟ್ಟದೆ, ಇದ್ದ ಹಾಗೆಯೇ ತಳದಿಂದ ಎತ್ತಿ, ನೂರು ಮೀಟರಿಗೂ ಮಿಕ್ಕಿ ದೂರ ಸರಿಸಿ ಕೂರಿಸಿದರು. ಕಾರಿನವರು ಇದನ್ನು ಹಾಳು ಗೋಡೆಯೆಂದು ದಾಟಿ ಹೋಗುವರು. ಕಥೆಯನ್ನು ಕೇಳಿದ ಮೇಲೆ ನಮ್ಮಲ್ಲಿ ಒಬ್ಬರೂ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ದೇವಾಲಯದಲ್ಲಿ ಕಾಲು ಗಂಟೆ ಮಾತ್ರ ಕೊಟ್ಟರು. ಇದು ಈ ಏರ್ಪಾಡಿನ ದೊಡ್ಡ ಕೊರತೆಯೆಂದೇ ನಾವು ಹೇಳುವೆವು. ಅಲ್ಲದೆ ತರುಣರಲ್ಲಿ ಮೂವರು ಮೊಣಕಾಲು ಕಾಣುವ ಚಡ್ಡಿ ತೊಟ್ಟು ಬಂದಿದ್ದವರು ಸಂಕೋಚಪಟ್ಟು ಹೊರಗೇ ನಿಂತರು. ಅರಮನೆಯ ನೆಲಗಟ್ಟು ದೇವಾಲಯದ ಎದುರಿನಲ್ಲೇ ಇರುವುದನ್ನು ಎಲ್ಲರೂ ಗಮನಿಸತಕ್ಕುದು. ೧೬೧೦ರಲ್ಲಿ ರಾಜ ಒಡೆಯರು ಈ ಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದು ಇಲ್ಲಿಯೇ ನವರಾತ್ರಿಯ ಉತ್ಸವವನ್ನು ನಡೆಯಿಸಿದರು. ಅದೇ ಇಂದು ಮೈಸೂರಿನ ದಸರೆ.

ಅಲ್ಲಿಂದ ಪಶ್ಚಿಮದ ತುದಿಗೆ ಹೋಗಿ, ಬಲಕ್ಕೆ ತಿರುಗುತ್ತ ಪ್ರದಕ್ಷಿಣಾಕ್ರಮದಲ್ಲಿಯೇ ಸುತ್ತಿದೆವು. ಆ ತುದಿಯಲ್ಲಿ ಮೈಸೂರು ಸರ್ಕಾರದವರು ೧೯೦೭ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವಿದೆ. ಕೆಳಗೆ ನದಿ, ಬಂಡೆಗಳು, ಆಚೆಯ ದಡದಲ್ಲಿ ಹೊಲ. ಪಾಠದಲ್ಲಿ ನಾವು ಕರಿಹಲಗೆಯ ಮೇಲೆ ಪ್ರತಿ ವರ್ಷವೂ ಬರೆಯುತ್ತಿದ್ದ ನಕ್ಷೆಯು ಇಲ್ಲಿ ನೆಲದ ಮೇಲೆ ಹಾಸಿಕೊಂಡಿತ್ತು. ಆಚೆಯ ದಡದಿಂದ ಇಂಗ್ಲಿಷರ ಫಿರಂಗಿಗಳು ಈ ಮೂಲೆಯ ಗೋಡೆಯನ್ನು ಒಡೆದವು. ೧೭೯೯ನೆಯ ಮೇ ತಿಂಗಳು ೪ನೆಯ ತಾರೀಖು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸಿಪಾಯಿಗಳು ನೀರಿಗಿಳಿದು ಕೆಲವೇ ನಿಮಿಷಗಳಲ್ಲಿ ಬಿರುಕನ್ನು ಹತ್ತಿದರು. ಮೇ ತಿಂಗಳೆಂಬುದೇ ಇಲ್ಲಿ ಮುಖ್ಯ. ಬೇಸಗೆಯ ಕೊನೆಯಲ್ಲಿ ಕಾವೇರಿ ಬಂಡೆಗಳ ನಡುವೆ ತೆಳ್ಳಗಾಗಿರುವಳು. ಕೊಡಗಿನಲ್ಲಿ ಮುಂಗಾರು ಹಿಡಿದು ನಮ್ಮ ಹೊಳೆಗಳು ತುಂಬಿ ಬರುವವರೆಗೆ, ಎಂದರೆ ಇನ್ನು ಕೆಲವು ವಾರ ಕೋಟೆ ನಿಂತಿದ್ದರೆ, ಈ ಸಿಪಾಯಿಗಳು ದಾಟಿದ ಸ್ಥಳದಲ್ಲಿ ದೋಣಿ ನಿಲ್ಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ೧೯೧೧ರಲ್ಲಿ ಪ್ರಾರಂಭವಾಯಿತೆಂಬುದನ್ನು ನೆನೆದರೆ, ಆಗಿನ ನದಿಯ ಏರಿಳಿತಕ್ಕೆ ಯಾವ ತಡೆಯೂ ಇರಲಿಲ್ಲವೆಂಬುದು ತಿಳಿಯುವುದು. ಇಷ್ಟನ್ನು ಹುಡುಗನು ಬೈಸಿಕಲ್ಲಿಗೆ ಒರಗಿಕೊಂಡು ಐದು ನಿಮಿಷದಲ್ಲಿ ಹೇಳಿದನು. ನಾವು ಇದಕ್ಕೆ ಎರಡು ಪೀರಿಯಡ್ಡು ತೆಗೆದುಕೊಳ್ಳುತ್ತಿದ್ದೆವು!

ಉತ್ತರದ ಗೋಡೆಯ ಪಕ್ಕದಲ್ಲಿ ಸಾಗಿದರೆ ಕರ್ನಲ್ ಬೇಲಿಯ ಬಂದೀಖಾನೆ. ೧೭೮೦ರಲ್ಲಿ ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಟಿಪ್ಪುಗಳಿಗೆ ಸೋತು ಸೆರೆಯಾದ ಈತನು ೧೭೮೨ರಲ್ಲಿ ಇಲ್ಲಿಯೇ ಸತ್ತನು. ಅದೇ ಯುದ್ಧದಲ್ಲಿ ಸೆರೆಸಿಕ್ಕಿ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಬೇಡಿ ತೊಟ್ಟಿದ್ದ ಬೇರ್ಡ್ ಎಂಬುವನೇ ೧೭೯೯ರಲ್ಲಿ ಬಿರುಕನ್ನು ಹತ್ತಿದ ಸೇನೆಯ ನಾಯಕನಾಗಿದ್ದನು. ಬೆಳೆಗಾರರ ಮಗಳು, “ಇಲ್ಲಿಂದ ಮೈಸೂರು ಅರಮನೆಗೆ ಸುರಂಗ ಇದೆಯಂತಲ್ಲ?” ಎಂದಳು. “ಹೊಳೆ ಅಡಿಯಲ್ಲಿ ಸುರಂಗ ತೋಡೋಕೆ ಹೋಗಿದ್ರೆ ತೋಡ್ದೋನೇ ಮೊದಲು ಮುಳುಗ್ತಿದ್ದ ಕಣಮ್ಮ” ಎಂದು ಹುಡುಗನು ನಕ್ಕನು.

ಮುಂದಿನ ನಿಲುಗಡೆಯಲ್ಲಿ ನಗೆ ಉಳಿಯಲಿಲ್ಲ. ಟಿಪ್ಪುವಿನ ಶವ ದೊರೆತ ಸ್ಥಳವನ್ನು ಗುರುತಿಸುವ ಒಂದು ಚಿಕ್ಕ ಕಲ್ಲು ಅಲ್ಲಿದೆ. ತರುಣನೊಬ್ಬನು, ದೇಶಕ್ಕಾಗಿ ಹೋರಾಡಿ ರಣದಲ್ಲಿ ಸತ್ತ ಅರಸನೆಂದು ಕೈಮುಗಿದನು. ಬೆಳೆಗಾರರು, ಕೊಡಗಿನ ಗಡಿಯಲ್ಲಿರುವ ತಮ್ಮ ಕಡೆ ಆ ಹೆಸರನ್ನು ಬೇರೆ ರೀತಿ ನೆನೆಯುವರೆಂದು ಗಟ್ಟಿಯಾಗಿಯೇ ಹೇಳಿದರು. ಮಾತು ಬೆಳೆಯಿತು. ಇಂದು ಯಾವ ಮನೆಯ ಜಗಲಿಯಲ್ಲಿಯೂ ಈ ಮಾತು ಬೆಳೆಯದೆ ಇರುವುದಿಲ್ಲ. ಮಕ್ಕಳು ಇತಿಹಾಸವನ್ನು ಕಲಿಯುತ್ತಿರುವುದು ಈಗ ಇಂತಹ ಕೂಗಾಟದಿಂದಲೇ. ನಮ್ಮ ಹುಡುಗನು ಕೈಯೆತ್ತಿ, “ಈ ಕಲ್ಲು ಹೇಳೋದು ಒಂದೇ ಮಾತು, ಶವ ಇಲ್ಲಿ ಸಿಕ್ಕಿತು ಅಂತ. ಮಿಕ್ಕಿದ್ದು ಎರಡೂ ಕಡೇದು ನಾನು ಹೇಳ್ತೀನಿ. ಪೂರ್ತಿ ಕೇಳಿ, ಆಮೇಲೆ ಜಗಳ ಆಡಿ” ಎಂದನು.

ಅವನು ಹೇಳಿದುದಿಷ್ಟು. ೧೭೯೧ರಲ್ಲಿ ಮರಾಠರ ಸವಾರರು ಶೃಂಗೇರಿಯನ್ನು ಸುಲಿದಾಗ ಅಲ್ಲಿಯ ಜಗದ್ಗುರುಗಳಿಗೆ ಟಿಪ್ಪು ಬರೆಯಿಸಿದ ಕನ್ನಡದ ಕಾಗದಗಳು ೧೯೧೬ರಲ್ಲಿ ಮಠದ ಕಡತಗಳಲ್ಲಿ ದೊರೆತವು; ಸಹಾಯ ಕಳುಹಿದುದು, ಪೂಜೆ ನಡೆಯಿಸಬೇಕೆಂದು ಕೋರಿದುದು ಅವುಗಳಲ್ಲಿದೆ. ಅದೇ ಅರಸನ ಸೇನೆ ಕೊಡಗಿನಿಂದ ಜನರನ್ನು ಹಿಡಿದು ಇದೇ ದ್ವೀಪಕ್ಕೆ ತಂದಿತು. ಇಲ್ಲಿಗೆ ಸಮೀಪದ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರ್ ಮನೆತನದವರು, ತಮ್ಮ ಹಿರಿಯರು ಟಿಪ್ಪುವಿನ ಆಜ್ಞೆಯಿಂದ ಆ ದಿನ ಹತರಾದರೆಂಬ ನೆನಪಿನಿಂದ, ಇಂದಿಗೂ ನರಕಚತುರ್ದಶಿಯ ಹಬ್ಬವನ್ನು ಆಚರಿಸುವುದಿಲ್ಲ. ಇವುಗಳಲ್ಲಿ ಒಂದನ್ನು ಹೇಳಿ ಒಂದನ್ನು ಬಿಡುವವನನ್ನು ನಾವು ಉಪಾಧ್ಯಾಯನೆನ್ನಲಾರೆವು, ಅವನು ವಕೀಲ. ಬೆಳೆಗಾರರೂ ತರುಣನೂ ಒಪ್ಪಿದರೆಂದಲ್ಲ; ಆದರೆ ಮುಂದಿನ ದಾರಿಯಲ್ಲಿ ಇಬ್ಬರೂ ಜೊತೆಜೊತೆಯಾಗಿ ಬೈಸಿಕಲ್ಲು ತುಳಿಯುತ್ತ, ಮೆಲುದನಿಯಲ್ಲಿ, ಅದನ್ನೇ ಮಾತನಾಡುತ್ತಿದ್ದರು. ವ್ಯಾನಿನಲ್ಲಿ ಹೋಗಿದ್ದರೆ ಬಾಗಿಲು ಮುಚ್ಚಿಕೊಂಡು ಮುಖ ತಿರುಗಿಸಿ ಕುಳಿತಿರುತ್ತಿದ್ದರು.

ಜೋಡಿ ಮಿನಾರುಗಳ ಮಸೀದಿಯನ್ನು ಹೊರಗಿನಿಂದಲೇ ನೋಡಿ, ಕೋಟೆಯನ್ನು ಬಿಟ್ಟು ದರಿಯಾ ದೌಲತ್ ತೋಟಕ್ಕೆ ಬಂದೆವು. ೧೭೮೪ರಲ್ಲಿ ಕಟ್ಟಿದ ಈ ಬೇಸಗೆಯ ಅರಮನೆಯು ಹೆಚ್ಚಾಗಿ ತೇಗದ ಮರದ್ದು. ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ: ಸಾಲುಗಟ್ಟಿದ ಸವಾರರು, ಸಿಡಿಯುತ್ತಿರುವ ಮದ್ದಿನ ಬಂಡಿ, ನಡುವೆ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಬೇಲಿ. ಒಂದು ಗಂಟೆಯ ಹಿಂದೆ ಅವನ ಸೆರೆಮನೆಯನ್ನು ಕಂಡು ಬಂದ ನಮಗೆ ಆ ಪಲ್ಲಕ್ಕಿಯ ಮುಖವನ್ನು ಹುಡುಕಲು ಯಾರೂ ಹೇಳಬೇಕಾಗಲಿಲ್ಲ. ವ್ಯಾನಿನವರು ಮೊದಲು ಇಲ್ಲಿಗೆ ಬಂದು, ಬಂದೀಖಾನೆಯನ್ನು ಬಿಟ್ಟು ಹೋಗುವುದರಿಂದ ಚಿತ್ರವು ಅವರಿಗೆ ಬರಿಯ ಬಣ್ಣ. ಯುದ್ಧದ ತರುವಾಯ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸವಾಗಿದ್ದನು. ಮಾಸಿದ ಚಿತ್ರಗಳನ್ನು ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಯಿಸಿದರು. ಹುಣಸೂರಿನವರಿಗೆ ಇನ್ನೊಂದು ಮಾತು: ಟಿಪ್ಪುವಿನ ಫಿರಂಗಿಗಳನ್ನು ಎಳೆದವು ಅಮೃತಮಹಲಿನ ಎತ್ತುಗಳು. ಆ ದನಗಳ ಇಲಾಖೆ ಇಂಗ್ಲಿಷರ ಕೈಗೆ ಹೋದ ಮೇಲೆ ಅದರ ಮುಖ್ಯ ಠಾಣ್ಯವಿದ್ದುದು ನಮ್ಮ ಹುಣಸೂರಿನಲ್ಲಿ.

ಗಂಜಾಮಿನ ಬೀದಿಗಳು, ಅಬ್ಬೆ ದುಬಾಯ್ ಪಾದ್ರಿಯ ಚರ್ಚು, ನಿಮಿಷಾಂಬೆ, ಕಪ್ಪು ಕಂಬಗಳ ಗುಂಬಜ್ ಇವೆಲ್ಲ ವಾಚಕರಿಗೆ ಗೊತ್ತಿರತಕ್ಕವೇ. ಗುಂಬಜಿನಲ್ಲಿ ತಂದೆ, ತಾಯಿ, ಮಗ ಮೂವರೂ ಒಂದೇ ಚಾವಣಿಯ ಕೆಳಗೆ ಮಲಗಿರುವರು. ಸಂಗಮದಲ್ಲಿ ಕಾಲು ನೀರಿಗಿಟ್ಟು ಎಲ್ಲರೂ ಬುತ್ತಿ ಬಿಚ್ಚಿದೆವು. ಮುಲಾಮಿನ ಡಬ್ಬಿಯೂ ಅಲ್ಲಿ ಹೊರಬಂದಿತು. ಅದರಲ್ಲಿ ಅರ್ಧವನ್ನು ಬೆಂಗಳೂರಿನ ತರುಣರೇ ಖರ್ಚು ಮಾಡಿದರೆಂಬುದನ್ನು ಇಲ್ಲಿ ದಾಖಲೆ ಮಾಡಬೇಕು.

ಕೊನೆಯದು ಉತ್ತರದ ಕವಲಿನ ಮೇಲಣ ಕಲ್ಲಿನ ಸೇತುವೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ೧೮೦೪ರಲ್ಲಿ ಮುಗಿದು ವೆಲ್ಲೆಸ್ಲಿಯ ಹೆಸರನ್ನು ಪಡೆಯಿತು. ಕಮಾನುಗಳಿಲ್ಲ, ನೆಟ್ಟ ಕಲ್ಲುಕಂಬ, ಮೇಲೆ ಅಡ್ಡಕಲ್ಲು, ನಮ್ಮ ದೇವಾಲಯದ ಮಂಟಪದ ರೀತಿಯೇ ಹೊಳೆಗೆ ಇಳಿದಂತೆ. ಪಟ್ಟಣ ಬಿದ್ದು ಐದೇ ವರ್ಷಕ್ಕೆ, ಗೆದ್ದವನ ಹೆಸರಿನಲ್ಲಿ, ಸೋತವನ ಮಂತ್ರಿಯಾಗಿದ್ದವರೇ ಕಟ್ಟಿಸಿದರೆಂಬುದನ್ನು ಹುಡುಗನು ಹೇಳಿ ಸುಮ್ಮನಾದನು.

ಹೊರಡಬೇಕೆಂದಿರುವ ಗೃಹಸ್ಥರಿಗೆ ನಾಲ್ಕು ಮಾತು. ಮಾಘದಿಂದಾಚೆಗೆ ಬಿಸಿಲು ಏರುವುದು; ಹತ್ತು ಗಂಟೆಯೊಳಗೆ ಗುಂಬಜನ್ನು ಮುಟ್ಟಿರಬೇಕು. ಒಳಬೀದಿಗಳು ಶಾಂತವಾಗಿವೆಯಾದರೂ ಗಂಜಾಮಿನ ಕಡೆಗೆ ಭಾನುವಾರ ಬಸ್ಸುಗಳ ಸಾಲು ಬರುವುದರಿಂದ, ಸಣ್ಣ ಮಕ್ಕಳನ್ನು ಒಂಟಿ ಬೈಸಿಕಲ್ಲಿನಲ್ಲಿ ಬಿಡತಕ್ಕುದಲ್ಲ. ಸ್ತ್ರೀಯರು ಸೆರಗನ್ನೂ ದುಪಟ್ಟಾವನ್ನೂ ಚಕ್ರಕ್ಕೆ ಸಿಗದಂತೆ ಸುತ್ತಿಕೊಳ್ಳಬೇಕು. ದೇವರ ದರ್ಶನಕ್ಕೆ ಹೆಚ್ಚು ಹೊತ್ತು ಬೇಕೆಂಬವರು ಹಿಂದಿನ ಸಂಜೆಯೇ ಹೋಗಿ ತಂಗುವುದು ಮೇಲು. ಹಣ ಕಟ್ಟುವ ಮೊದಲು, ಬಂದೀಖಾನೆ ಮತ್ತು ಪಶ್ಚಿಮದ ಗೋಡೆ ಎರಡನ್ನೂ ತೋರಿಸುವಿರಾ ಎಂದು ಕೇಳಿಕೊಳ್ಳಿರಿ. ಕೆಲವರು ದರಿಯಾ ದೌಲತ್ತನ್ನೂ ಗುಂಬಜನ್ನೂ ತೋರಿಸಿ ಚಿತ್ರ ತೆಗೆಸಿಕೊಟ್ಟು ಮುಗಿಸುವರು.

ಹಿಂದಿರುಗುವಾಗ ಕೋಟೆಯ ಉಪಾಧ್ಯಾಯಿನಿಯವರು, “ನಿಮ್ಮ ಹೊಳೆಗಳನ್ನೆಲ್ಲ ನೋಡಿದ್ದಾಯಿತು ಮೇಷ್ಟ್ರೇ, ನಮ್ಮ ಕಪಿಲೆಗೆ ಯಾವಾಗ?” ಎಂದು ನಮ್ಮನ್ನು ಕೇಳಿದರು. ನರಸೀಪುರಕ್ಕೆ ಇಂತಹ ಯಾತ್ರೆಯುಂಟೇ ಎಂದು ಹುಡುಗನನ್ನು ವಿಚಾರಿಸಿದೆವು. ಸದ್ಯಕ್ಕಿಲ್ಲ, ಹತ್ತು ಮಂದಿ ಕೂಡಿದರೆ ಮಾಡಬಹುದೆಂದನು. ಮೂವರು ಆಗಲೇ ಹೆಸರು ಕೊಟ್ಟಿದ್ದೇವೆ.