ದುಡಿದರೂ ಹಾಜರಿ ಇಲ್ಲ

ರೋಣ, ನರಗುಂದ, ಗಜೇಂದ್ರಗಡದ ಎರೆ ಸೀಮೆಯಲ್ಲಿ ಹಿಂಗಾರಿ ರಾಶಿ ಮುಗಿಯಿತೆಂದರೆ ಕೂಲಿಕಾರರಿಗೆ ಉಳಿಯುವ ದಾರಿ ಎರಡೇ. ಊರಲ್ಲಿದ್ದು ಉದ್ಯೋಗ ಖಾತ್ರಿ (ನರೇಗಾ) ಕೆಲಸಕ್ಕೆ ಹೋಗುವುದು, ಇಲ್ಲವೇ ಗೋವಾ, ಮಂಗಳೂರಿನ ಕಡೆ ಗುಳೆ ಹೊರಡುವುದು. ಕೆರೆ ಹೂಳೆತ್ತುವ, ಬದು ಹಾಕುವ ಈ ಜನರ ಹಾಜರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2021ರ ಮೇ ತಿಂಗಳಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪ್‌ಗೆ ಹತ್ತಿಸಲು ಹೊರಟಿತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಅದು ಕಡ್ಡಾಯವಾಯಿತು.

ಸುಳ್ಳು ಹಾಜರಿ ಹಾಕಿ ಕೂಲಿ ನುಂಗುವವರನ್ನು ತಡೆಯಬೇಕೆಂಬ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಎಡವಿದ್ದು ನಿರ್ವಹಣೆಯಲ್ಲಿ.

ಆ್ಯಪ್ ಕೇಳುವುದು ದಿನಕ್ಕೆ ಎರಡು ಫೋಟೊ. ಬೆಳಿಗ್ಗೆ ಕೂಲಿಕಾರರ ಗುಂಪಿನ ಉಸ್ತುವಾರಿಯಾದ ಕಾಯಕ ಬಂಧು ತನ್ನದೇ ಮೊಬೈಲ್‌ನಲ್ಲಿ ಹೆಸರುಗಳಿಗೆ ಗುರುತು ಹಾಕಿ ಒಂದು ಫೋಟೊ ತೆಗೆಯಬೇಕು. ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು. ಆದರೆ ಖಾತ್ರಿಯಲ್ಲಿ ಕೂಲಿ ನಿಗದಿಯಾಗುವುದು ಗಡಿಯಾರದಿಂದಲ್ಲ, ಅಗೆದ ಮಣ್ಣಿನ ಅಳತೆಯಿಂದ. ಏಪ್ರಿಲ್, ಮೇ ಬಿಸಿಲಿಗೆ ಹೆದರಿ ನಸುಕಿನಲ್ಲೇ ಗುದ್ದಲಿ, ಬುಟ್ಟಿ ಹಿಡಿದು ಬಂದು, ಪಾಲಿನ ಗುಂಡಿ ತೋಡಿ ಮುಗಿಸಿದ ಹೆಂಗಸರು ಎರಡನೇ ಫೋಟೊಗಾಗಿ ನೆರಳಿಲ್ಲದ ಕೆರೆಯಂಗಳದಲ್ಲಿ ಕಾಯಬೇಕು. ಬೇಸಿಗೆಯೆಂದು ಬೆಳಗಾವಿ, ಕಲಬುರಗಿ ವಿಭಾಗಗಳಿಗೆ ಕೆಲಸದ ಪ್ರಮಾಣದಲ್ಲಿ ರಾಜ್ಯ ಸರ್ಕಾರ ಕೊಡುವ ರಿಯಾಯಿತಿಗೂ ಇದರಿಂದ ಅರ್ಥವಿಲ್ಲದಂತಾಯಿತು.

ನೆಟ್‌ವರ್ಕ್ ಸಿಗದೆ ಫೋಟೊ ಏರದಿದ್ದರೆ? ಆ ದಿನದ ಕೂಲಿಯೇ ಹೋಯಿತು. 2025-26ರ ದರದಲ್ಲಿ ಅದು 370 ರೂಪಾಯಿ. ಸರಿಪಡಿಸಲು ಜಿಲ್ಲಾ ಮಟ್ಟದ ಅಧಿಕಾರಿಯ ಒಪ್ಪಿಗೆ ಬೇಕು. ಆ್ಯಪ್ ಮಾಡಿಸಿದವರ ತಪ್ಪಿಗೆ ಮಣ್ಣು ಹೊತ್ತವರು ದಂಡ ತೆರುವ ಏರ್ಪಾಟು ಇದು. 2023ರ ಫೆಬ್ರುವರಿಯಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ನೂರು ದಿನಗಳ ಧರಣಿಗೆ ಕೂತಿದ್ದು ಇಂಥ ಕಾರಣಗಳಿಗೇ.

ಇಷ್ಟು ಮಾಡಿಯೂ ಕಳ್ಳಾಟ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಫೋಟೊಗಳು ಏರುತ್ತಿವೆ, ಹಾಜರಿಯಲ್ಲಿರುವ ಸಂಖ್ಯೆಗೂ ಚಿತ್ರದಲ್ಲಿರುವ ಜನಕ್ಕೂ ತಾಳೆಯಾಗುತ್ತಿಲ್ಲ ಎಂದಿತು. ಕಂಡುಕೊಂಡ ಪರಿಹಾರವೇನು? ಪ್ರತಿಯೊಂದು ಫೋಟೊವನ್ನೂ ಗ್ರಾಮ ಪಂಚಾಯಿತಿಯವರು ಕಣ್ಣಾರೆ ನೋಡಿ ಪರಿಶೀಲಿಸಬೇಕು! ಮನುಷ್ಯರ ಕಳ್ಳಾಟ ತಡೆಯಲು ತಂದ ಯಂತ್ರವನ್ನು ಕಾಯಲು ಮತ್ತೆ ಮನುಷ್ಯರನ್ನೇ ನಿಲ್ಲಿಸಿದ್ದಾಯಿತು.

ಹೊಲದ ಸ್ಥಿತಿ ನೋಡದೆ ಮೇಲೆ ಕೂತು ಮಾಡುವ ತೀರ್ಮಾನ ಎಷ್ಟು ದುಬಾರಿಯಾದೀತೆಂದು ನರಗುಂದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರಿಂದ ಬೆಟರ್‌ಮೆಂಟ್ ಲೆವಿ (ಅಭಿವೃದ್ಧಿ ಕರ) ವಸೂಲಿಗೆ ಸರ್ಕಾರ ಇಳಿದದ್ದರ ವಿರುದ್ಧ ಎದ್ದ ಚಳವಳಿಯಲ್ಲಿ, 1980ರ ಜುಲೈ 21ರಂದು, ಅಲ್ಲಿ ಗುಂಡು ಹಾರಿತ್ತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. 125 ದಿನಗಳ ಕೆಲಸದ ಭರವಸೆಯ ಜೊತೆಗೇ ಬಯೋಮೆಟ್ರಿಕ್ ಗುರುತಿನ ಮಾತೂ ಅದರಲ್ಲಿದೆ. ಬೆವರಿನ ಕೈಗಳ ಸವೆದ ಬೆರಳಚ್ಚು ಯಂತ್ರಕ್ಕೆ ಸಿಗದಿದ್ದರೆ ಗತಿಯೇನು ಎಂದು ನಿಯಮ ಬರೆಯುವವರು ಈಗಲೇ ಯೋಚಿಸಬೇಕು. ಯಂತ್ರ ಕೈಕೊಟ್ಟ ದಿನ ಕಾಗದದ ಹಾಜರಿ ಬರೆಯುವ ಅಧಿಕಾರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಇರಲಿ. ಅಳತೆ ಪುಸ್ತಕದಲ್ಲಿ ಕೆಲಸ ದಾಖಲಾಗಿದ್ದರೆ, ಫೋಟೊ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರ ಕೂಲಿಯನ್ನೂ ಕತ್ತರಿಸುವಂತಿಲ್ಲ ಎಂದು ನಿಯಮದಲ್ಲೇ ಬರೆಯಲಿ. ಬೇಸಿಗೆ ಕಾಮಗಾರಿ ಶುರುವಾಗುವ ಮೊದಲೇ ಇದು ಆಗಬೇಕು.