ಕೈಗೆ ಒಗ್ಗುವ ಶಕ್ತಿ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ತಂಬೂರಿಯ ಶ್ರುತಿ ಅಳೆಯುವ ಪುಟ್ಟ ಸಾಧನವೊಂದನ್ನು ಕೈಯಾರೆ ಕಟ್ಟಲು ಹೊರಟ. ಹಳೆಯ ಎಟಿಮೆಗಾ328ಪಿ ಸಾಲದೆಂಬ ಅವನ ವಾದ ಸರಿಯಾಗಿಯೇ ಇತ್ತು. ತಲಾ 2 ಬೈಟಿನಂತೆ 1024 ಧ್ವನಿಮಾದರಿಗಳನ್ನು ಇಟ್ಟರೆ ಅದರ 2 ಕೆಬಿ ರ‍್ಯಾಮ್ ಅಲ್ಲಿಗೇ ತುಂಬಿಹೋಗುತ್ತದೆ. ಆದ್ದರಿಂದ 264 ಕೆಬಿ ರ‍್ಯಾಮ್ ಇರುವ ಆರ್‌ಪಿ2040 ಮೈಕ್ರೋಕಂಟ್ರೋಲರನ್ನು ತರಿಸಲು ನಾನೇ ಒಪ್ಪಿದೆ.

ಬಂದದ್ದು 7 ಮಿ.ಮೀ. ಚೌಕದ ಚಿಪ್. ಹೊರಚಾಚಿದ ಕಾಲುಗಳಿಲ್ಲ, ಅಂಚಿನಲ್ಲಿ 0.4 ಮಿ.ಮೀ. ಅಂತರದ 56 ಸಂಪರ್ಕಗಳು. ಮೂರು ದಿನ ಬೆಸುಗೆ ಹಾಕಿ ಸೋತ ಹುಡುಗ, "ತಾತ, ಇದೆಲ್ಲ ನನ್ನ ಕೈಲಿ ಆಗಲ್ಲ" ಎಂದ. ಆ ಮಾತು ನನ್ನನ್ನು ಚುಚ್ಚಿತು. ಸೋತದ್ದು ಅವನ ಬುದ್ಧಿಯಲ್ಲ, ನಮ್ಮ ಆಯ್ಕೆ.

ಪ್ರಿಯ ವಿದ್ಯಾರ್ಥಿಗಳೇ, ಚಿಪ್ಪಿನ ವೇಗವನ್ನು ನೋಡುವ ಮೊದಲು ಅದರ ಕಾಲುಗಳ ಅಂತರವನ್ನು ನೋಡಿರಿ. ಕೈಯಲ್ಲಿ ಬೆಸೆಯಲಾಗದ, ಕೆಟ್ಟರೆ ಬಿಚ್ಚಲಾಗದ ಶಕ್ತಿ ಕಲಿಯುವವನಿಗೆ ಶಕ್ತಿಯೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ಇದೇ ಚಿಪ್ಪನ್ನು ಹೊತ್ತು 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡಿನ 40 ಸಂಪರ್ಕಗಳು 2.54 ಮಿ.ಮೀ. ಅಂತರದಲ್ಲಿವೆ, ನಮ್ಮ ತೂತುಗಳ ಬೋರ್ಡಿಗೆ ಸರಿಯಾಗಿ ಕೂರುತ್ತವೆ. ನೇರವಾಗಿ ಬೆಸೆಯದೆ ಸಾಕೆಟ್ಟಿನಲ್ಲಿ ಕೂರಿಸಿರಿ. ಅದರ ಸಂಪರ್ಕಗಳು 3.3 ವೋಲ್ಟಿನವು, 5 ವೋಲ್ಟಿನ ಸಂಕೇತವನ್ನು ನೇರವಾಗಿ ಕೊಡಬೇಡಿರಿ.

ಮೊಮ್ಮಗ ಈಗ ಅದರಲ್ಲಿಯೇ ಮತ್ತೆ ತೊಡಗಿದ್ದಾನೆ. ನನಗೆ ಅಷ್ಟು ಸಾಕು.