ದೊಡ್ಡಮ್ಮ ಕಂಡ ಬಳ್ಳಿಗಾವೆ

ಜಪಾನಿನಲ್ಲಿ ಕೆಲಸಕ್ಕಿರುವ ನಮ್ಮ ಅಕ್ಕನ ಮಗ ಹೋದ ರಜೆಗೆ ಬಂದಾಗ ಕ್ಯೋಟೋ ನಗರದ ಫೋಟೋಗಳನ್ನು ತಂದಿದ್ದ. 794ರಲ್ಲಿ ರಾಜಧಾನಿಯಾಗಿ ಸಾವಿರ ವರ್ಷಕ್ಕೂ ಮೇಲೆ ಚಕ್ರವರ್ತಿಗಳು ವಾಸವಾಗಿದ್ದ ಊರದು. ಬುದ್ಧನ ಮಂದಿರಗಳ ಪಕ್ಕದಲ್ಲೇ ಶಿಂಟೋ ದೇವತೆಗಳ ಗುಡಿಗಳು. ಫುಶಿಮಿ ಇನಾರಿಯ ಬೆಟ್ಟದ ದಾರಿಯುದ್ದಕ್ಕೂ ಸಾಲುಸಾಲಾಗಿ ಕೆಂಪು ಕಮಾನುಗಳು!

ಭದ್ರಾವತಿಯ ಮನೆಯ ಜಗಲಿಯಲ್ಲಿ ಕೂತು ಅವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ನಮ್ಮ ದೊಡ್ಡಮ್ಮ. ಅವರಿಗೆ ಕಿವಿ ಪೂರ್ತಿ ಹೋಗಿದೆ. ಮನೆ ಹತ್ತಿರದ ಲಕ್ಷ್ಮೀನರಸಿಂಹನ ಗುಡಿ ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿಯದ್ದು. ಅಲ್ಲಿಗೂ ಹೋಗುವುದನ್ನು ಬಿಟ್ಟಿದ್ದರು. "ಮಂತ್ರ ಕೇಳಿಸಲ್ಲ, ಯಾರಾದ್ರೂ ಮಾತಾಡಿಸಿದ್ರೆ ಉತ್ತರ ಕೊಡಕ್ಕಾಗಲ್ಲ, ಸುಮ್ನೆ ಯಾಕೆ?" ಅನ್ನೋರು. ಫೋಟೋ ಕೆಳಗಿಟ್ಟು, "ಇಂಥ ಊರು ನಮ್ಮ ಕಡೆ ಇಲ್ವೇನೇ?" ಎಂದು ಕೇಳಿದರು.

ಇದೆ ಸೋದರಿಯರೇ. ನಮ್ಮ ಜಿಲ್ಲೆಯಲ್ಲೇ ಇದೆ. ಮುಂದಿನ ವಾರವೇ ಮೊದಲ ಬಸ್ಸಿಗೆ ಹೊರಟು, ಶಿವಮೊಗ್ಗ, ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಹೋಗಿ ಇಳಿದೆವು. ಅಲ್ಲಿಂದ ಬಳ್ಳಿಗಾವೆಗೆ ಆಟೋದಲ್ಲಿ ಸ್ವಲ್ಪವೇ ದಾರಿ. (ಬುತ್ತಿಗೆ ಚಪಾತಿ, ಚಟ್ನಿಪುಡಿ ಸಾಕು. ಒಂದು ಟಾರ್ಚು ಮಾತ್ರ ಮರೆಯಬೇಡಿ, ಒಳಗಿನ ಕೆತ್ತನೆ ಕತ್ತಲಲ್ಲಿ ಕಾಣುವುದಿಲ್ಲ.)

ಈಗ ನೋಡಿದರೆ ಹೆಂಚಿನ ಮನೆ, ಗದ್ದೆ, ಕೆರೆಯ ಸಣ್ಣ ಹಳ್ಳಿ. ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿಗೆ ಇದೇ ರಾಜಧಾನಿ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂದು ಐದು ಮಠಗಳಿದ್ದವು ಎನ್ನುತ್ತವೆ ಶಾಸನಗಳು. 1065ರಲ್ಲಿ ಇಲ್ಲೊಂದು ಬೌದ್ಧ ವಿಹಾರವೂ ಎದ್ದಿತ್ತು. ಕ್ಯೋಟೋದಲ್ಲಿ ಎರಡು ಬಗೆಯ ದೇವರಾದರೆ ನಮ್ಮಲ್ಲಿ ಐದು ಬಗೆ, ಏನಂತೀರಿ?

ಕಂಬದ ತುದಿಯ ಗಂಡಭೇರುಂಡನನ್ನು ನೋಡಿದೆವು. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ತ್ರಿಪುರಾಂತಕನ ಗುಡಿಯನ್ನೂ ನೋಡಿದೆವು. ಅಲ್ಲಮಪ್ರಭು ಹುಟ್ಟಿದ ಊರೆಂದು ಮೊಮ್ಮಗಳು ದೊಡ್ಡಮ್ಮನಿಗೆ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಕೊನೆಗೆ ಕೇದಾರೇಶ್ವರ. ಮೂರು ಗರ್ಭಗುಡಿ, ಬಳಪದ ಕಲ್ಲಿನ ನುಣುಪು ಕಂಬಗಳು. ಹುಲ್ಲುಹಾಸಿನ ಮೇಲೆ ಕೂತಾಗ ನಾನು ಒಂದು ಚೀಟಿ ತೆಗೆದೆ. ಇಲ್ಲಿ ಕಾಳಾಮುಖ ಶೈವ ಯತಿಗಳ ಕೋಡಿಯ ಮಠವಿತ್ತು. 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ಅದರ ಸಾರವನ್ನು ಪುಸ್ತಕದಿಂದ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ.

ನಾಲ್ಕು ವೇದ, ವ್ಯಾಕರಣ, ಪುರಾಣ, ನಾಟಕ ಕಲಿಸುವ ಜಾಗವಂತೆ ಅದು. ಅಷ್ಟೇ ಅಲ್ಲ, ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಇಕ್ಕುವ ಜಾಗ. ಕಥೆ ಹೇಳುವವರು, ಹಾಡುವವರು, ಜೈನ ಸನ್ಯಾಸಿಗಳು ಕೂಡ ಅಲ್ಲಿ ಉಣ್ಣುತ್ತಿದ್ದರು. ದಿಕ್ಕಿಲ್ಲದ ರೋಗಿಗಳನ್ನು ಇಟ್ಟುಕೊಂಡು ಔಷಧ ಮಾಡುತ್ತಿದ್ದರು. ಇದನ್ನು ಬಿಟ್ಟು ಬರೀ ಶಿಲ್ಪ ನೋಡಿ ಬರುವವರನ್ನು ಕಂಡರೆ ನನಗೆ ಬೇಜಾರು.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು. ಒಂದು ಕಡೆ ಬೆರಳು ನಿಂತಿತು.

"ಕಿವುಡರಿಗೂ ಅಂತ ಕಲ್ಲಲ್ಲೇ ಬರೆಸಿದ್ದಾರಾ?"

ನಾನು ತಲೆಯಾಡಿಸಿದೆ.

"ಎಂಟುನೂರು ವರ್ಷದ ಹಿಂದೆ?"

"ಅದಕ್ಕೂ ಹೆಚ್ಚು," ಎಂದು ಬೆರಳೆಣಿಸಿ ತೋರಿಸಿದೆ. ಅವರು ಇನ್ನೇನೂ ಕೇಳಲಿಲ್ಲ. ಎದ್ದು ಒಬ್ಬರೇ ಒಳಗೆ ಹೋಗಿ, ಕೇದಾರೇಶ್ವರನ ಮುಂದೆ ಬಹಳ ಹೊತ್ತು ನಿಂತು ಬಂದರು. ಬಸ್ಸಿನಲ್ಲಿ ಚೀಟಿ ವಾಪಸ್ಸು ಕೇಳಿದೆ. ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು.

ಶನಿವಾರ ಸಂಜೆ ಭದ್ರಾವತಿಗೆ ಫೋನ್ ಮಾಡಿದರೆ ಅತ್ತಿಗೆ ಅಂದಳು: "ಅತ್ತೆ ಮನೇಲಿಲ್ಲ ಕಣೇ, ನರಸಿಂಹನ ಗುಡಿಗೆ ಹೋಗಿದ್ದಾರೆ."